ಅಂಕಿಯ ಗಾತ್ರ, ಅಂಕಿಯ ನಡಿಗೆ

ಕಳೆದ ತಿಂಗಳು ಈ ಪುಟದಲ್ಲಿ ಮಳೆಗಾಲದ ಕುಡಿಯುವ ನೀರಿನ ವಿಷಯವಾಗಿ ನಾಲ್ಕು ಮಾತು ಬರೆದಿದ್ದೆವು. ಈ ತಿಂಗಳು ಗಂಡಸರು ಸಾಮಾನ್ಯವಾಗಿ ಬಾಯಿ ಹಾಕದ ವಿಷಯವೊಂದನ್ನು ಎತ್ತಿಕೊಂಡಿದ್ದೇವೆ. ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ಅರವತ್ತರ ಮಾಸ್ತರನಿಗೆ ಬಸುರಿನ ರಕ್ತಪರೀಕ್ಷೆಯ ಗೊಡವೆ ಯಾಕೆಂದು ವಾಚಕರು ಕೇಳಬಹುದು, ಕೇಳತಕ್ಕದ್ದೇ. ಆ ಗೊಡವೆಯಲ್ಲಿ ತಲೆಹಾಕಿ ನಾವು ಎರಡು ಸಲ ತಪ್ಪಿದೆವು. ಒಂದು ಸಲ ಮನೆಯವರನ್ನು ಕಾರಣವಿಲ್ಲದೆ ಅಳಿಸಿದೆವು. ಇನ್ನೊಂದು ಸಲ, ಎಚ್ಚರಿಸಬೇಕಾದಲ್ಲಿ ಪೇಢೆ ಹಂಚಿದೆವು. ನಮ್ಮ ತಪ್ಪು ಇನ್ನೊಂದು ಮನೆಯಲ್ಲಿ ಆಗಬಾರದೆಂಬದೇ ಈ ಬರಹದ ಉದ್ದೇಶ.

ಮೊದಲನೆಯ ತಪ್ಪು ನಮ್ಮ ಮನೆಯದೇ. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಗೆ ಸೊಸೆ ಬಂದು ನಾಲ್ಕು ವರ್ಷಗಳಾಗಿದ್ದವು. ಬಾಯಿಬಿಟ್ಟು ಯಾರೂ ಏನೂ ಅನ್ನದಿದ್ದರೂ ಮನೆಯ ಗೋಡೆಗಳೇ ಏನೋ ಕೇಳುತ್ತಿದ್ದಂತೆ ಇತ್ತು. ಹೀಗಿರಲು ಒಂದು ಮುಂಜಾನೆ, ಮನೆಯಲ್ಲಿಯೇ ಮಾಡಿಕೊಳ್ಳುವ ಮೂತ್ರಪರೀಕ್ಷೆಯ ಪಟ್ಟಿಯ ಮೇಲೆ ಎರಡನೆಯ ಗೆರೆ ತೀರ ಮಸುಕಾಗಿ ಮೂಡಿತು. ಇದೆಯೋ ಇಲ್ಲವೋ ಎಂಬ ಸಂದೇಹ ಕಳೆಯುವ ಸಲುವಾಗಿ ಡಾಕ್ಟರಬಾಯಿಯವರು ರಕ್ತದ ಪರೀಕ್ಷೆ ಬರೆದುಕೊಟ್ಟರು. ಸಂಜೆಗೆ ಮಗನ ಮೊಬೈಲಿಗೆ ಫಲಿತಾಂಶ ಬಂತು: 118. ಅದರ ಕೆಳಗೆ ವಾರಗಳ ಒಂದು ಕೋಷ್ಟಕ.

ನಾವು ಕನ್ನಡಕ ಏರಿಸಿ ನೋಡಿದೆವು. ಓಣಿಯ ಇನ್ನೊಂದು ಮನೆಯ ಮಗಳಿಗೆ ಹಿಂದಿನ ತಿಂಗಳು 1400 ಬಂದಿತ್ತೆಂಬದು ನಮಗೆ ಗೊತ್ತಿತ್ತು. 1400 ಎಲ್ಲಿ, 118 ಎಲ್ಲಿ! “ಬಲ ಸಾಲದು, ನಿಲ್ಲುವ ಲಕ್ಷಣ ಕಾಣುವದಿಲ್ಲ” ಎಂದು ನಮ್ಮ ಬಾಯಿಂದ ಬಂದುಹೋಯಿತು. ಪಡಸಾಲೆಯಲ್ಲಿ ಆಡಿದ ಮಾತು ಅಡಿಗೆಮನೆಗೆ ಕೇಳಿಸುವದೆಂಬ ಎಚ್ಚರ ನಮಗಿರಲಿಲ್ಲ. ಆ ರಾತ್ರಿ ಸೊಸೆ ಊಟ ಮಾಡಲಿಲ್ಲ; ಅವಳು ಮಾಡದ್ದರಿಂದ ನಮ್ಮ ಮನೆಯವರೂ ಮಾಡಲಿಲ್ಲ.

ಮರುದಿನ ನಾವೇ ದವಾಖಾನೆಗೆ ಜೊತೆಗೆ ಹೋದೆವು. ಆ ಡಾಕ್ಟರಬಾಯಿಯವರು ನಮ್ಮ ಶಾಲೆಯಲ್ಲಿಯೇ ಕಲಿತವರು. ಸಂಸ್ಕೃತ ನಮ್ಮ ವಿಷಯವಾದರೂ, ಮಾಸ್ತರರ ಕೊರತೆಯಿದ್ದ ಒಂದು ವರ್ಷ ಅವರ ವರ್ಗಕ್ಕೆ ಭೂಮಿತಿಯನ್ನೂ ನಾವೇ ಹೇಳಿದ್ದೆವು. ನಮ್ಮ ತರ್ಕವನ್ನೆಲ್ಲ ಅವರು ಸಮಾಧಾನದಿಂದ ಕೇಳಿ ಹೀಗೆಂದರು: “ಸರ್, ಭೂಮಿತಿ ತಾಸಿನ್ಯಾಗ ನೀವ ಹೇಳಿದ್ರಿ, ಒಂದ ಬಿಂದುವಿನಿಂದ ಎಷ್ಟ ಬೇಕಾದಷ್ಟ ಗೆರಿ ಎಳೀಬಹುದು, ಎರಡು ಬಿಂದು ಇದ್ರ ಒಂದೇ ಗೆರಿ ಅಂತ. ಈಗ ನಿಮ್ಮ ಕೈಯಾಗ ಇರೋದು ಒಂದೇ ಬಿಂದು. ಇನ್ನೊಂದು ಬರೂತನಕ ಗೆರಿ ಎಳೀಬ್ಯಾಡ್ರಿ. ನಾಳೆ ಇದ ಹೊತ್ತಿಗೆ, ಅದ ಲ್ಯಾಬಿನ್ಯಾಗ ಮತ್ತೊಮ್ಮೆ ರಕ್ತ ಕೊಡಸ್ರಿ.”

ಮೊದಲ ರಕ್ತ ಕೊಟ್ಟು 48 ತಾಸು ತುಂಬಿದ ಮೇಲೆ ಎರಡನೆಯ ಸಲ ಕೊಡಿಸಿದೆವು. 118 ಇದ್ದದ್ದು 251 ಆಗಿತ್ತು. ಡಾಕ್ಟರಬಾಯಿಯವರು ಮುಗುಳುನಕ್ಕರು. ಓಣಿಯ ಆ ಮಗಳು ರಕ್ತ ಕೊಟ್ಟದ್ದು, ತಿಂಗಳ ಋತುವಿನ ಲೆಕ್ಕದಿಂದ, ನಮ್ಮ ಸೊಸೆ ಕೊಟ್ಟ ದಿನಕ್ಕಿಂತ ಎಂಟು ದಿನ ಮುಂದೆ ಹೋದ ಮೇಲೆ ಎಂಬದು ಆಮೇಲೆ ತಿಳಿಯಿತು. ಎಂಟು ದಿನದ ಸಸಿಯನ್ನು ನಿನ್ನೆ ಮೊಳೆತ ಸಸಿಯೊಡನೆ ಹೋಲಿಸಿ, ಚಿಕ್ಕದಾಯಿತೆಂದು ನಾವು ಅತ್ತಿದ್ದೆವು.

ಈ ಪರೀಕ್ಷೆ ಅಳೆಯುವದು ಏನನ್ನು? ಗರ್ಭವು ಗರ್ಭಾಶಯದ ಗೋಡೆಯಲ್ಲಿ ಬೇರೂರುವಾಗ, ಮುಂದೆ ಮಾಸು ಆಗತಕ್ಕ ಅದರ ಹೊರಪದರು ಒಂದು ಹಾರ್ಮೋನನ್ನು ಸ್ರವಿಸಲಾರಂಭಿಸುತ್ತದೆ. ಹ್ಯೂಮನ್ ಕೋರಿಯಾನಿಕ್ ಗೊನಾಡೊಟ್ರೋಫಿನ್ ಎಂಬದು ಅದರ ಉದ್ದ ಹೆಸರು, ಎಚ್.ಸಿ.ಜಿ. ಎಂಬದು ವ್ಯವಹಾರದ ಹೆಸರು. ಅದು ತಾಯಿಯ ಅಂಡಾಶಯಕ್ಕೆ ಹೋಗಿ, ಈ ತಿಂಗಳು ಗರ್ಭಾಶಯದ ಹಾಸಿಗೆಯನ್ನು ಕಿತ್ತು ಹಾಕಬೇಡ, ಅತಿಥಿ ಬಂದಿದ್ದಾನೆ ಎಂದು ತಿಳಿಸುವ ದೂತನಂತೆ ಕೆಲಸ ಮಾಡುತ್ತದೆ. ಆ ಸುದ್ದಿ ಮುಟ್ಟಿದ್ದರಿಂದಲೇ ಆ ತಿಂಗಳ ಋತು ನಿಲ್ಲುವದು. ಅಂಡ ಬಿಡುಗಡೆಯಾದ ಸುಮಾರು ಎಂಟರಿಂದ ಹನ್ನೊಂದು ದಿನಗಳಲ್ಲಿ ಈ ದೂತನ ಸುಳಿವು ರಕ್ತದಲ್ಲಿ ಸಿಕ್ಕುತ್ತದೆ. ಮೂತ್ರದಲ್ಲಿ ತುಸು ತಡವಾಗಿ.

ಕಾಗದದ ಮೇಲೆ ‘ಬೀಟಾ’ ಎಂದೂ ಬರೆದಿರುತ್ತದೆ. ಈ ಹಾರ್ಮೋನಿಗೆ ಆಲ್ಫಾ, ಬೀಟಾ ಎಂದು ಎರಡು ಭಾಗಗಳು. ಆಲ್ಫಾ ಭಾಗವು ದೇಹದ ಇನ್ನು ಮೂರು ಹಾರ್ಮೋನುಗಳಲ್ಲಿಯೂ ಹಾಗೆಯೇ ಇರುತ್ತದೆ. ಅವುಗಳಲ್ಲಿ ಥೈರಾಯ್ಡನ್ನು ಪ್ರೇರಿಸುವ ಹಾರ್ಮೋನು ಒಂದು. ನಮ್ಮ ಕಡೆಯ ಅಡ್ಡಹೆಸರಿನ ಹಾಗೆಯೇ ಇದು. ಬಾಗಿಲಲ್ಲಿ ನಿಂತು “ಕುಲಕರ್ಣಿಯವರೇ” ಎಂದು ಕೂಗಿದರೆ ನಾಲ್ವರು ಅಣ್ಣತಮ್ಮಂದಿರೂ ಹೊರಗೆ ಬರುವರು. ಬೇಕಾದವನು ಬರಬೇಕಾದರೆ ಅವನ ಸ್ವಂತ ಹೆಸರು ಹಿಡಿದು ಕೂಗಬೇಕು. ಬೀಟಾ ಎಂಬದು ಆ ಸ್ವಂತ ಹೆಸರು.

ಪ್ರಯೋಗಶಾಲೆಯಲ್ಲಿ ನಡೆಯುವ ಕೆಲಸವೂ ತಿಳಿಯದಂಥದಲ್ಲ. ತೋಳಿನ ನರದಿಂದ ತುಸು ರಕ್ತ ತೆಗೆಯುತ್ತಾರೆ; ಉಪವಾಸ ಬೇಕಾಗುವದಿಲ್ಲ. ಯಂತ್ರದಲ್ಲಿ ಗರಗರ ತಿರುಗಿಸಿ ತಿಳಿನೀರಿನಂಥ ಭಾಗವನ್ನು ಬೇರ್ಪಡಿಸುತ್ತಾರೆ. ಆ ತಿಳಿಯಲ್ಲಿ ಹಾರ್ಮೋನನ್ನು ಹಿಡಿಯಲಿಕ್ಕೆ ಎರಡು ಪ್ರತಿಕಾಯಗಳನ್ನು ಹಾಕುತ್ತಾರೆ. ಒಲೆಯ ಮೇಲಿನ ಪಾತ್ರೆಯನ್ನು ಇಕ್ಕಳದ ಎರಡು ಬಾಯಿಗಳು ಹಿಡಿಯುವಂತೆ, ಒಂದು ಪ್ರತಿಕಾಯವು ಹಾರ್ಮೋನನ್ನು ಒಂದು ಬದಿಯಿಂದ ಹಿಡಿದು ನಿಲ್ಲಿಸುತ್ತದೆ. ಇನ್ನೊಂದು, ಬೆಳಕು ಬೀರುವ ಗುರುತನ್ನು ಹೊತ್ತುಕೊಂಡು, ಇನ್ನೊಂದು ಬದಿಯಿಂದ ಹಿಡಿಯುತ್ತದೆ. ಉಳಿದುದನ್ನೆಲ್ಲ ತೊಳೆದು, ಎಷ್ಟು ಬೆಳಕು ಬಂತೆಂಬದನ್ನು ಯಂತ್ರವು ಅಳೆದು ಅಂಕಿ ಕೊಡುತ್ತದೆ. ಒಂದು ಮಿಲಿಲೀಟರಿನಲ್ಲಿ ಎಷ್ಟು ಮಿಲಿ ಅಂತರರಾಷ್ಟ್ರೀಯ ಯೂನಿಟ್ಟುಗಳಿವೆಯೆಂಬದೇ ಆ ಅಂಕಿಯ ಅರ್ಥ. ಸಾಮಾನ್ಯವಾಗಿ 5ಕ್ಕಿಂತ ಕಡಿಮೆಯಾದರೆ ಬಸುರಿಲ್ಲವೆಂತಲೂ, 25 ದಾಟಿದರೆ ಇದೆಯೆಂತಲೂ ಹಿಡಿಯುತ್ತಾರೆ. ನಡುವೆ ಬಂದರೆ ಮತ್ತೆ ನೋಡಬೇಕು.

ಇಷ್ಟು ಸುಲಭವಾಗಿ ಸಿಗುವ ಈ ಅಂಕಿಗಾಗಿ ಹಿಂದಿನವರು ಪಟ್ಟ ಕಷ್ಟ ಅಷ್ಟಿಷ್ಟಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ, ಆಗತಾನೆ ಗರ್ಭ ಧರಿಸಿದವಳ ಲಕ್ಷಣಗಳೆಂದು ಆಯಾಸ, ಗ್ಲಾನಿ, ಬಾಯಾರಿಕೆ, ತೊಡೆಗಳ ಸೋಲು ಮುಂತಾದವನ್ನು ಎಣಿಸಿದ್ದಾರೆ. ಬಸುರಿಯಲ್ಲಿ ತನ್ನದೊಂದು, ಶಿಶುವಿನದೊಂದು, ಹೀಗೆ ಎರಡು ಹೃದಯಗಳಿರುವದರಿಂದ ಅವಳ ಬಯಕೆಗೆ ದೌಹೃದವೆಂಬ ಹೆಸರು ಬಂತೆಂದೂ ನಮ್ಮ ವೈದ್ಯರು ಹೇಳಿದರು. ಪ್ರಾಚೀನ ಈಜಿಪ್ತದವರು ಗೋದಿ ಮತ್ತು ಬಾರ್ಲಿಯ ಕಾಳುಗಳಿಗೆ ಹೆಂಗಸಿನ ಮೂತ್ರ ಹಾಕಿ ಮೊಳಕೆ ಬರುವದನ್ನು ಕಾಯುತ್ತಿದ್ದರು. 1963ರಲ್ಲಿ ಪರೀಕ್ಷಿಸಿ ನೋಡಿದಾಗ ಬಸುರಿಯರ ಮೂತ್ರದಿಂದ ನೂರಕ್ಕೆ ಸುಮಾರು ಎಪ್ಪತ್ತು ಸಲ ಕಾಳು ಮೊಳೆತವು. ಆದರೆ ಯಾವ ಕಾಳು ಮೊಳೆತರೆ ಗಂಡು, ಯಾವುದು ಮೊಳೆತರೆ ಹೆಣ್ಣು ಎಂಬ ಅವರ ಭವಿಷ್ಯ ಮಾತ್ರ ಪೂರಾ ಸುಳ್ಳಾಯಿತು.

ನಿಜವಾದ ಪರೀಕ್ಷೆ ಹುಟ್ಟಿದ್ದು ಬರ್ಲಿನ್ನಿನಲ್ಲಿ. 1927-28ರ ಸುಮಾರಿಗೆ ಆಶ್‌ಹೈಮ್ ಮತ್ತು ಝೊಂಡೆಕ್ ಎಂಬ ವೈದ್ಯರು ಹೆಂಗಸಿನ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನಗಳ ತರುವಾಯ ಅವುಗಳನ್ನು ಕೊಯ್ದು ಅಂಡಾಶಯ ನೋಡುತ್ತಿದ್ದರು. 1931ರಲ್ಲಿ ಅಮೆರಿಕದ ಫ್ರೀಡ್ಮನ್ ಇಲಿಯ ಬದಲು ಮೊಲ ಹಿಡಿದನು. ಆಮೇಲೆ ದಕ್ಷಿಣ ಆಫ್ರಿಕದ ಕಪ್ಪೆಯ ಸರದಿ ಬಂತು. ಇಲಿ, ಮೊಲಗಳ ಕಾಲದಲ್ಲಿ ಒಬ್ಬ ತಾಯಿಯ ಸುದ್ದಿ ತಿಳಿಯಲಿಕ್ಕೆ ಪ್ರಾಣಿಗಳು ಸಾಯಬೇಕಾಗುತ್ತಿತ್ತು. 1960ರಲ್ಲಿ ಸ್ವೀಡನ್ನಿನ ವೈಡ್ ಮತ್ತು ಗೆಮ್ಜೆಲ್ ಇವರು ಪ್ರಾಣಿಯ ಹಂಗಿಲ್ಲದ ಪರೀಕ್ಷೆಯನ್ನು ತೋರಿಸಿದರು. ರಕ್ತದೊಳಗಿನ ಅತ್ಯಲ್ಪ ಹಾರ್ಮೋನನ್ನು ಅಳೆಯುವ ವಿದ್ಯೆಯನ್ನು ರೋಸಲಿನ್ ಯಾಲೋ ಎಂಬ ವಿದುಷಿಯು ಬೆರ್ಸನ್ನನೊಡನೆ ಕಂಡುಹಿಡಿದಳು. 1977ರಲ್ಲಿ ಆಕೆಗೆ ನೊಬೆಲ್ ಪಾರಿತೋಷಕ ಬಂತು. ಅದೇ ವಿದ್ಯೆಯಿಂದ 1972ರಲ್ಲಿ ವೈಟುಕೈಟಿಸ್, ಬ್ರಾನ್‌ಸ್ಟೀನ್, ರಾಸ್ ಎಂಬ ಮೂವರು ಬೀಟಾ ಭಾಗವನ್ನು ಹೆಸರು ಹಿಡಿದು ಕೂಗುವ ಪರೀಕ್ಷೆಯನ್ನು ಸಿದ್ಧಮಾಡಿದರು. ನಮ್ಮ ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು 1957ರಲ್ಲಿಯೇ ಆರಂಭವಾಗಿತ್ತು. ಅದರ ಮೊದಲ ತಂಡದ ವಿದ್ಯಾರ್ಥಿಗಳು ಓದುತ್ತಿದ್ದಾಗ ಈ ಪರೀಕ್ಷೆ ಜಗತ್ತಿನಲ್ಲಿಯೇ ಇರಲಿಲ್ಲ. ಇಂದಾದರೋ ಮುಂಜಾನೆ ರಕ್ತ ಕೊಟ್ಟರೆ ಸಂಜೆಗೆ ಅಂಕಿ ಜೇಬಿನಲ್ಲಿರುತ್ತದೆ. ಅಂಕಿ ಬೇಗ ಬರತೊಡಗಿತು. ಅದನ್ನು ಓದುವ ತಾಳ್ಮೆ ಮಾತ್ರ ನಮಗೆ ಅಷ್ಟೇ ಬೇಗ ಬರಲಿಲ್ಲ.

ಇನ್ನು ಆ ಕೋಷ್ಟಕದ ವಿಚಾರ. ಎಷ್ಟೋ ಕಡೆ ಬಳಕೆಯಲ್ಲಿರುವ ಒಂದು ಕೋಷ್ಟಕದಲ್ಲಿ ನಾಲ್ಕನೆಯ ವಾರಕ್ಕೆ 5ರಿಂದ 426, ಐದನೆಯ ವಾರಕ್ಕೆ 18ರಿಂದ 7,340, ಆರನೆಯ ವಾರಕ್ಕೆ 1,080ರಿಂದ 56,500 ಎಂದು ಇದೆ. 18 ಬಂದವಳೂ 7,000 ಬಂದವಳೂ ಒಂದೇ ವಾರದ ಬಸುರಿಯರಾಗಬಹುದಾದರೆ, ಒಂಟಿ ಅಂಕಿಯಿಂದ ಯಾವ ತೀರ್ಪು ಕೊಡಲಾದೀತು? ಹೋಲಿಕೆ ಮಾಡಬೇಕಾದರೆ ಅವಳ ಅಂಕಿಯನ್ನು ಅವಳದೇ ಹಿಂದಿನ ಅಂಕಿಯೊಡನೆ ಮಾಡಬೇಕು, ನೆರೆಮನೆಯವಳದರೊಡನೆ ಅಲ್ಲ. ವಾರಗಳನ್ನು ಎಣಿಸುವ ರೀತಿಯನ್ನೂ ತಿಳಿದಿರಬೇಕು. ವೈದ್ಯರು ಕೊನೆಯ ಋತುವಿನ ಮೊದಲ ದಿನದಿಂದ ಎಣಿಸುತ್ತಾರೆ. ಗರ್ಭ ನಿಲ್ಲುವದು ಅದಕ್ಕಿಂತ ಸುಮಾರು ಎರಡು ವಾರ ತಡವಾಗಿ. ‘ನಾಲ್ಕು ವಾರ’ ಎಂದು ಕಾಗದದಲ್ಲಿ ಬರೆದಿದ್ದರೆ ಗರ್ಭಕ್ಕೆ ನಿಜವಾಗಿ ಎರಡೇ ವಾರ. ಇದನ್ನರಿಯದೆ, ಮಗ ಊರಲ್ಲಿದ್ದದ್ದು ಯಾವಾಗ, ವಾರ ನಾಲ್ಕು ಹೇಗಾಯಿತು ಎಂದು ಬೆರಳು ಮಡಿಚಿ ಎಣಿಸುವ ಹಿರಿಯರು ಇದ್ದಾರೆ. ಅವರ ಲೆಕ್ಕದ ಅಜ್ಞಾನದಿಂದ ನಿರಪರಾಧಿ ಹುಡುಗಿಯ ಕಣ್ಣಲ್ಲಿ ನೀರು ಬರಬಾರದು.

ನಮ್ಮ ಎರಡನೆಯ ತಪ್ಪು ಹೇಳಲಿಕ್ಕೆ ಕಷ್ಟವಾದದ್ದು.

ಹುಬ್ಬಳ್ಳಿಯಲ್ಲಿ ನಮ್ಮ ಅಕ್ಕನ ಮನೆ. ಅವಳ ಮೊಮ್ಮಗಳೊಬ್ಬಳು ಬಾಣಂತನಕ್ಕೆ ಇನ್ನೂ ಬಹಳ ಕಾಲವಿದ್ದರೂ, ವಾಂತಿ ಸಂಕಟವೆಂದು ತವರಿಗೆ ಬಂದಿದ್ದಳು. ತುಸು ಕಲೆ ಕಾಣಿಸಿಕೊಂಡದ್ದರಿಂದ ಅವಳಿಗೂ ಎರಡು ಸಲ ರಕ್ತಪರೀಕ್ಷೆಯಾಯಿತು. ಮೊದಲನೆಯದು 1240, ಎರಡು ದಿನದ ತರುವಾಯ 1410. ಎರಡನೆಯ ಕಾಗದ ಶನಿವಾರ ಸಂಜೆ ಬಂತು. ಡಾಕ್ಟರರ ಭೇಟಿ ಸೋಮವಾರಕ್ಕೆ ಗೊತ್ತಾಗಿತ್ತು. ಸೊಸೆಯ ಪ್ರಕರಣದಿಂದ ಈ ವಿದ್ಯೆಯಲ್ಲಿ ಪಂಡಿತರಾದೆವೆಂದು ತಿಳಿದಿದ್ದ ನಾವು ಫೋನಿನಲ್ಲಿ, “ಅಂಕಿ ಏರಿದೆಯಲ್ಲ, ಮತ್ತೇನು ಚಿಂತೆ? ಸೋಮವಾರ ತೋರಿಸಿದರಾಯಿತು” ಎಂದು ಹೇಳಿಬಿಟ್ಟೆವು. ರವಿವಾರ ಮುಂಜಾನೆ ಪೇಢೆಯ ಪೊಟ್ಟಣ ಹಿಡಿದು, ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆವು.

ಹುಡುಗಿ ಪೇಢೆ ಮುಟ್ಟಲಿಲ್ಲ. ಕಿಬ್ಬೊಟ್ಟೆಯ ಬಲಬದಿಗೆ ಕೈ ಒತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಅಜೀರ್ಣವೆಂದು ಮನೆಯಲ್ಲಿ ಜೀರಿಗೆ ಕಷಾಯ ಕೊಟ್ಟಿದ್ದರು. ನಾವು ಮತ್ತೆ ಕಾಗದ ತೆಗೆದು ಅಂಕಿ ತೋರಿಸಲಾರಂಭಿಸಿದೆವು. ಗದಗಿಗೆ ಹೋಗಿದ್ದ ಅಕ್ಕ ಆಗತಾನೆ ಬಂದು ಹೊಸ್ತಿಲಲ್ಲಿ ನಿಂತಿದ್ದವಳು, ಹುಡುಗಿಯನ್ನು ಒಂದು ಗಳಿಗೆ ನೋಡಿ, “ಏ ತಮ್ಮಾ, ಕಾಗದ ನೋಡಿದಿ, ಹುಡುಗಿ ಮಾರಿ ನೋಡಲಿಲ್ಲಲ್ಲೋ” ಎಂದಳು. ಗಾಡಿ ತರಿಸಿ ಆಗಲೇ ದವಾಖಾನೆಗೆ ಕರೆದೊಯ್ದಳು.

ಸೋನೋಗ್ರಾಫಿಯಲ್ಲಿ ಗರ್ಭಾಶಯ ಬರಿದಾಗಿತ್ತು. ಗರ್ಭವು ಬಲಗಡೆಯ ಅಂಡನಾಳದಲ್ಲಿ ನಿಂತು, ನಾಳ ಬಿರಿಯಲಾರಂಭಿಸಿ, ಹೊಟ್ಟೆಯೊಳಗೆ ರಕ್ತ ಒಸರುತ್ತಿತ್ತು. ಆ ರಾತ್ರಿಯೇ ಶಸ್ತ್ರಕ್ರಿಯೆಯಾಯಿತು. ಹುಡುಗಿ ಉಳಿದಳು. ನಮ್ಮ ಮಾತು ನಡೆದಿದ್ದರೆ ಸೋಮವಾರದ ತನಕ ಉಳಿಯುತ್ತಿದ್ದಳೋ ಇಲ್ಲವೋ, ಅದನ್ನು ನೆನೆದರೆ ಇಂದಿಗೂ ನಮಗೆ ರಾತ್ರಿ ಎಚ್ಚರವಾಗುತ್ತದೆ.

ಇಂಥ ಸ್ಥಾನ ತಪ್ಪಿದ ಗರ್ಭ ನೂರು ಬಸುರುಗಳಲ್ಲಿ ಒಂದೆರಡು ಇರುತ್ತದೆ. ಅಂಥಲ್ಲಿಯೂ ಅಂಕಿಯು ಏರಬಹುದು. ಎಷ್ಟೋ ಸಲ ಕುಂಟುತ್ತ ಏರುತ್ತದೆ. ಅಮೆರಿಕದ ಪ್ರಸೂತಿ ವೈದ್ಯರ ಕಾಲೇಜು 2018ರಲ್ಲಿ ಕೊಟ್ಟ ಸೂಚನೆಯ ಪ್ರಕಾರ, ಮೊದಲ ಅಂಕಿ 1500ಕ್ಕಿಂತ ಕೆಳಗಿದ್ದರೆ 48 ತಾಸುಗಳಲ್ಲಿ ಕಡಿಮೆಯೆಂದರೂ ನೂರಕ್ಕೆ 49ರಷ್ಟು ಏರಬೇಕು. 1500ರಿಂದ 3000ದ ಒಳಗಿದ್ದರೆ 40ರಷ್ಟು. ಅದಕ್ಕೂ ಮೇಲಿದ್ದರೆ 33ರಷ್ಟು. ನಮ್ಮ ಸೊಸೆಯ 118 ಇಮ್ಮಡಿಯನ್ನೂ ಮೀರಿತ್ತು. ಅಕ್ಕನ ಮೊಮ್ಮಗಳ 1240 ಹತ್ತಿರಹತ್ತಿರ 1850 ಆಗಬೇಕಾಗಿದ್ದದ್ದು, 1410ಕ್ಕೆ ನಿಂತಿತ್ತು. ನೂರಕ್ಕೆ ಹದಿನಾಲ್ಕರಷ್ಟೂ ಪೂರ್ತಿ ಏರಿರಲಿಲ್ಲ. ಚಿಕ್ಕ ಅಂಕಿಯ ನಡಿಗೆ ನೆಟ್ಟಗಿತ್ತು, ದೊಡ್ಡ ಅಂಕಿಯ ನಡಿಗೆ ಕುಂಟಾಗಿತ್ತು. ನಾವು ಎರಡೂ ಕಡೆ ಗಾತ್ರವನ್ನು ನೋಡಿದೆವು, ನಡಿಗೆಯನ್ನು ನೋಡಲಿಲ್ಲ.

ನಡಿಗೆಯೊಂದನ್ನೇ ನಂಬುವದೂ ಸಲ್ಲದು. ಸ್ಥಾನ ತಪ್ಪಿದ ಗರ್ಭದಲ್ಲಿಯೂ ಅಂಕಿ ಕೆಲವೊಮ್ಮೆ ಸರಿಯಾಗಿಯೇ ಏರುವದುಂಟು. ನಿಧಾನವಾಗಿ ಏರಿದ್ದರೂ ಕೂಸು ನೆಟ್ಟಗೆ ಬೆಳೆಯುವದೂ ಅಪರೂಪಕ್ಕೆ ಉಂಟು. ಅಂಕಿ 3500ರ ಸುಮಾರಿಗೆ ಬಂದ ಮೇಲೆ ಗರ್ಭಾಶಯದೊಳಗಿನ ಚೀಲವು ಸೋನೋಗ್ರಾಫಿಯಲ್ಲಿ ಕಾಣಬೇಕೆಂದು ವೈದ್ಯರು ಎಣಿಸುತ್ತಾರೆ. ಒಮ್ಮೆ ಕಂಡ ಮೇಲೆ ಅಂಕಿಯ ಕೆಲಸ ಬಹುಮಟ್ಟಿಗೆ ಮುಗಿಯಿತು. ಎಂಟರಿಂದ ಹನ್ನೊಂದು ವಾರಗಳ ಹೊತ್ತಿಗೆ ಈ ಹಾರ್ಮೋನು ತನ್ನ ಶಿಖರ ಮುಟ್ಟಿ, ಅಲ್ಲಿಂದ ತಾನಾಗಿಯೇ ಇಳಿಯುತ್ತದೆ. ಆ ಇಳಿತಕ್ಕೆ ಅಂಜಬಾರದು.

ಈಗ ಗೃಹಸ್ಥರು ನೆನಪಿಡತಕ್ಕ ಮಾತುಗಳು. ಒಂದನೆಯದಾಗಿ, ಈ ರಕ್ತಪರೀಕ್ಷೆ ಎಲ್ಲ ಬಸುರಿಯರಿಗೂ ಬೇಕಾದದ್ದಲ್ಲ. ನೆಮ್ಮದಿಯ ಬಸುರಿಗೆ ಮೂತ್ರದ ಪಟ್ಟಿಯೂ ಸಕಾಲದ ಸೋನೋಗ್ರಾಫಿಯೂ ಸಾಕು. ಆಶಾ ಕಾರ್ಯಕರ್ತೆಯರ ಹತ್ತಿರ ‘ನಿಶ್ಚಯ’ವೆಂಬ ಪರೀಕ್ಷಾ ಪಟ್ಟಿ ಇರುತ್ತದೆ, ಹನ್ನೆರಡು ವಾರ ತುಂಬುವದರೊಳಗೆ ಹೆಸರು ಬರೆಸಿ ತಾಯಿ ಕಾರ್ಡು ಪಡೆಯಬೇಕು. ನೋವು, ಕಲೆ, ಹಿಂದೆ ಗರ್ಭ ಹೋದ ಇತಿಹಾಸ, ಸಂತಾನಕ್ಕಾಗಿ ಚಿಕಿತ್ಸೆ, ಇಂಥ ಕಾರಣಗಳಿದ್ದಾಗ ವೈದ್ಯರು ರಕ್ತ ಪರೀಕ್ಷಿಸುವರು. ಎರಡನೆಯದಾಗಿ, ಕೊನೆಯ ಋತುವಿನ ದಿನಾಂಕವನ್ನು ಬರೆದಿಟ್ಟುಕೊಳ್ಳಬೇಕು. ಎರಡನೆಯ ಸಲವೂ ಅದೇ ಪ್ರಯೋಗಶಾಲೆಗೆ ಹೋಗಬೇಕು, ಯಾಕಂದರೆ ಯಂತ್ರದಿಂದ ಯಂತ್ರಕ್ಕೆ ಅಂಕಿ ತುಸು ಬೇರೆಯಾಗುವದು. ಮೂರನೆಯದಾಗಿ, ತೆಗೆದುಕೊಳ್ಳುವ ಔಷಧಗಳನ್ನು ಮುಚ್ಚಿಡಬಾರದು. ಸಂತಾನ ಚಿಕಿತ್ಸೆಯಲ್ಲಿ ಇದೇ ಹಾರ್ಮೋನಿನ ಇಂಜೆಕ್ಷನ್ ಕೊಟ್ಟಿದ್ದರೆ ಅದರ ಅಂಶವು ಹತ್ತು ಹದಿನಾಲ್ಕು ದಿನ ರಕ್ತದಲ್ಲಿದ್ದು ಸುಳ್ಳು ಸಂತೋಷ ಕೊಡಬಲ್ಲದು. ಕೂದಲು ಬೆಳೆಯಲೆಂದು ನುಂಗುವ ಬಯೋಟಿನ್ ಗುಳಿಗೆ ಕೆಲವು ಯಂತ್ರಗಳನ್ನು ತಪ್ಪಿಸಬಲ್ಲದು. ನಾಲ್ಕನೆಯದು ಎಲ್ಲಕ್ಕೂ ದೊಡ್ಡದು. ಕಿಬ್ಬೊಟ್ಟೆಯಲ್ಲಿ ನೋವು, ರಕ್ತಸ್ರಾವ, ತಲೆಸುತ್ತು, ಬವಳಿ, ಭುಜದ ತುದಿಯಲ್ಲಿ ನೋವು ಇವುಗಳಲ್ಲಿ ಯಾವುದು ಕಂಡರೂ, ಕಾಗದದ ಅಂಕಿ ಎಷ್ಟೇ ಇರಲಿ, ರವಿವಾರವಿರಲಿ ಅಮಾವಾಸ್ಯೆಯಿರಲಿ, ಕೂಡಲೆ ದವಾಖಾನೆಗೆ ಹೋಗಬೇಕು; ಗಾಡಿಯಿಲ್ಲದವರು 108ಕ್ಕೆ ಫೋನು ಮಾಡಬೇಕು. ಕಷಾಯ ಕಾಸುತ್ತ ಕೂಡ್ರಬಾರದು.

ಐದನೆಯ ಮಾತೊಂದಿದೆ. ಈ ಅಂಕಿಯು ಗಂಡೋ ಹೆಣ್ಣೋ ಎಂಬದನ್ನು ಹೇಳುವದಿಲ್ಲ. ಹೆಚ್ಚು ಬಂದರೆ ಹೆಣ್ಣು, ಕಡಿಮೆ ಬಂದರೆ ಗಂಡು ಎಂಬ ಮಾತು ಆ ಈಜಿಪ್ತದ ಕಾಳಿನ ಭವಿಷ್ಯದಂಥದೇ. ಹುಟ್ಟುವ ಮೊದಲು ಅದನ್ನು ಪತ್ತೆ ಮಾಡುವದು, ಮಾಡಿಸುವದು 1994ರ ಕಾಯಿದೆಯಿಂದ ಅಪರಾಧವೂ ಆಗಿದೆ.

ಅಂಕಿ ಇಳಿದ ಮನೆಗಳೂ ಇವೆ. ಅವರನ್ನು ಮರೆತು ಈ ಬರಹ ಮುಗಿಸಲಾರೆವು. ತಿಳಿದುಬಂದ ಬಸುರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ತಾವಾಗಿಯೇ ಹೋಗುತ್ತವೆ, ಬಹಳಷ್ಟು ಮೊದಲ ಮೂರು ತಿಂಗಳಲ್ಲಿಯೇ. ಅವುಗಳಲ್ಲಿ ಅರ್ಧದಷ್ಟಕ್ಕೆ ಕಾರಣವು ಬೀಜದೊಳಗಿನ ವರ್ಣತಂತುಗಳ ಎಣಿಕೆ ತಪ್ಪಿದ್ದು. ಹುಡುಗಿ ಕೊಡ ಎತ್ತಿದ್ದಲ್ಲ, ಮೆಟ್ಟಿಲು ಹತ್ತಿದ್ದಲ್ಲ, ನೌಕರಿಗೆ ಹೋದದ್ದಲ್ಲ. ಮೂರು ತಿಂಗಳು ತುಂಬುವ ತನಕ ಬಸುರಿನ ಸುದ್ದಿಯನ್ನು ಹೊಸ್ತಿಲು ದಾಟಿಸಬಾರದೆಂದು ನಮ್ಮ ಹಿರಿಯ ಹೆಂಗಸರು ಹೇಳುತ್ತಿದ್ದರು. ದೃಷ್ಟಿಯ ಭಯದಿಂದ ಹೇಳಿದರೋ, ಅನುಭವದಿಂದ ಹೇಳಿದರೋ. ಒಳಗೇ ಅತ್ತು ಒಳಗೇ ಸುಧಾರಿಸಿಕೊಳ್ಳಲಿಕ್ಕೆ ಅದು ಹುಡುಗಿಗೆ ಅವಕಾಶ ಕೊಡುತ್ತಿತ್ತು. ಇಂದು ಅಂಕಿಯು ಆರನೆಯ ತಾಸಿಗೇ ನಾಲ್ಕೂರಿನ ಬಳಗದ ಮೊಬೈಲು ಸೇರುತ್ತದೆ; ಅತ್ತೆಯ ತಂಗಿಯೂ ಚಿಕ್ಕಪ್ಪನ ಅಳಿಯನೂ ಅಭಿಪ್ರಾಯ ಕೊಡುತ್ತಾರೆ. ಆ ಅಂಕಿ ಹುಡುಗಿಯ ರಕ್ತದ್ದು. ಅದನ್ನು ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬದು ಅವಳ ಇಚ್ಛೆಯಾಗಿರಬೇಕು.

ನಮ್ಮ ಮೊಮ್ಮಗಳಿಗೆ ಈಗ ಎಂಟು ತಿಂಗಳು. ಇದನ್ನು ಬರೆಯುವಾಗ ನಮ್ಮ ಕನ್ನಡಕವನ್ನು ಎರಡು ಸಲ ಕಸಿದುಕೊಂಡಿದ್ದಾಳೆ. ಅಕ್ಕನ ಮೊಮ್ಮಗಳು ಮೈ ಸುಧಾರಿಸಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ಒಂದು ನಾಳ ಹೋದರೂ ಇನ್ನೊಂದು ಇರುವದರಿಂದ ಮುಂದೆ ಮಕ್ಕಳಾಗುವ ಆಸೆ ಇದ್ದೇ ಇದೆ ಎಂದು ವೈದ್ಯರು ಹೇಳಿದ್ದಾರೆ. ಮೊನ್ನೆ ನಾವು ಹುಬ್ಬಳ್ಳಿಗೆ ಹೋದಾಗ ಅವಳೇ ಚಹಾ ತಂದುಕೊಟ್ಟಳು. ಕಪ್ಪು ಕೈಗೆ ತಗೊಳ್ಳುವ ಮೊದಲು ನಾವು ಅವಳ ಮುಖ ನೋಡಿದೆವು. ಅಕ್ಕ ಅದನ್ನು ಗಮನಿಸಿದಳು, ಏನೂ ಅನ್ನಲಿಲ್ಲ.